ವಾಲ್ವ್ ತೆರೆದ ಕೂಡಲೇ ಮಣ್ಣು ಒಣಗುವುದೇ?

ಓದುಗರ ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ನಮ್ಮ ಹೊಲದಲ್ಲಿ ನಾಲ್ಕು ಎಕರೆ ದಾಳಿಂಬೆ ಇದೆ. ಕೊಳವೆಬಾವಿಯ ನೀರು, ಹನಿ ನೀರಾವರಿ. ಡಿಪ್ಲೊಮಾ ಮುಗಿಸಿ ಊರಿಗೆ ಮರಳಿರುವ ನಾನು ಮೋಟರ್ ಶೆಡ್‌ನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ವೋಲ್ಟೇಜನ್ನು ಅಂಕಿಯಾಗಿಸುವ ಎಡಿಎಸ್1115 ಬೋರ್ಡಿನ ಮೂಲಕ ತೇವಾಂಶ ಅಳೆಯುವ ಎರಡು ಕೆಪಾಸಿಟಿವ್ ಸೆನ್ಸರ್‌ಗಳನ್ನೂ ನೀರಿನ ಒತ್ತಡ ಅಳೆಯುವ ಒಂದು ಟ್ರಾನ್ಸ್‌ಮಿಟರನ್ನೂ ಜೋಡಿಸಿದ್ದೇನೆ. ಬೋರ್ಡಿಗೆ ಪೈಯಿಂದಲೇ 3.3 ವೋಲ್ಟ್ ಕೊಟ್ಟಿದ್ದೇನೆ. ಟ್ರಾನ್ಸ್‌ಮಿಟರ್ 0ರಿಂದ 10 ಬಾರ್ ಒತ್ತಡವನ್ನು ಕರೆಂಟಾಗಿ ತೋರಿಸುವ 4–20 ಮಿಲಿಆಂಪಿಯರ್‌ನದು; ಅದಕ್ಕೆ 250 ಓಮ್ ರೆಸಿಸ್ಟರ್ ಹಾಕಿದ್ದೇನೆ. ಒಂದು ಸೆನ್ಸರ್ ಶೆಡ್ ಪಕ್ಕದ ಮಸಾರಿ ಮಣ್ಣಿನಲ್ಲಿದೆ, ಇನ್ನೊಂದು ಸುಮಾರು 60 ಮೀಟರ್ ಆಚೆ ಎರೆ ಪಟ್ಟಿಯಲ್ಲಿದೆ. ದೂರದ ಸೆನ್ಸರ್‌ಗೂ ಅಲ್ಲಿರುವ 12 ವೋಲ್ಟ್ ವಾಲ್ವ್‌ಗೂ ನಾಲ್ಕು ಕೋರಿನ 0.5 ಚದರ ಮಿಲಿಮೀಟರ್ ಕೇಬಲ್ ಒಂದೇ, ಗ್ರೌಂಡ್ ತಂತಿಯೂ ಒಂದೇ. ವಾಲ್ವ್ ಮುಚ್ಚಿದ್ದಾಗ ದೂರದ ಸೆನ್ಸರ್ 2.1 ವೋಲ್ಟ್ ತೋರಿಸುತ್ತದೆ. ತೆರೆದ ಕೂಡಲೇ 3.1ಕ್ಕೆ ಜಿಗಿಯುತ್ತದೆ. ಎಲ್ಲ ವಾಲ್ವ್ ಮುಚ್ಚಿ ಮೋಟರ್ ಇನ್ನೂ ಓಡುತ್ತಿರುವ ಕೆಲವು ಕ್ಷಣ ಮೂರೂ ರೀಡಿಂಗ್ ಕೆಡುತ್ತವೆ. ಮೋಟರ್ ನಿಂತಿದ್ದಾಗಲೂ ರೀಡಿಂಗ್ ಅಲೆಯಂತೆ ನಿಧಾನವಾಗಿ ಏರಿಳಿಯುತ್ತದೆ. ಮೋಟರ್ ಶುರುವಾಗುವಾಗ ಒಮ್ಮೊಮ್ಮೆ ಪೈ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಬೇಸಿಗೆಯಲ್ಲಂತೂ ಎರೆ ಪಟ್ಟಿಯ ಸೆನ್ಸರ್ ನೀರು ಬಿಟ್ಟ ಮೇಲೂ ‘ಒಣ’ ಎಂದೇ ಹೇಳುತ್ತದೆ. ಪೈ ಬದಲಿಸಿದೆ, ಸೆನ್ಸರ್ ಬದಲಿಸಿದೆ, ನೂರು ರೀಡಿಂಗ್‌ಗಳ ಸರಾಸರಿ ತೆಗೆದೆ. ಅಂಗಡಿಯವರು ಅಗ್ಗದ ಮಾಲು ಹಾಗೆಯೇ ಇರುತ್ತದೆ ಎನ್ನುತ್ತಾರೆ. ಒಬ್ಬ ಗೆಳೆಯ ಪೈಯ ಗ್ರೌಂಡನ್ನು ಮೋಟರಿನ ಅರ್ಥಿಂಗ್‌ಗೆ ಕೊಡು ಎಂದ. ಇನ್ನೊಬ್ಬ, ಪೈಗೆ ಅನಲಾಗ್ (ಏರಿಳಿಯುವ ವೋಲ್ಟೇಜ್ ಅಳೆಯುವುದು) ಬರುವುದಿಲ್ಲ, ಆರ್ಡುಯಿನೊ ಬೋರ್ಡ್ ಹಾಕು ಎಂದ. ಅಪ್ಪ ಕೇಳುವುದು ಒಂದೇ ಮಾತು: ಇದನ್ನು ನಂಬಿ ಮೋಟರ್ ಬಿಡಬಹುದೇ? ಏನು ಮಾಡಲಿ?

ಉತ್ತರ: ರೀಡಿಂಗ್ ತಪ್ಪಾಗಿದೆ ಎಂಬುದಕ್ಕಿಂತ ಅದು ಯಾವ ಕಡೆಗೆ ತಪ್ಪಾಗಿದೆ ಎಂಬುದು ನನಗೆ ಹೆಚ್ಚು ಚಿಂತೆ ತಂದಿತು. ನೀವು ಬಳಸಿರುವ ಬಗೆಯ ಸೆನ್ಸರ್‌ನಲ್ಲಿ ಮಣ್ಣು ಒಣಗಿದಷ್ಟೂ ವೋಲ್ಟೇಜ್ ಏರುತ್ತದೆ. ವಾಲ್ವ್ ತೆರೆದಾಗ ರೀಡಿಂಗ್ ಒಂದು ವೋಲ್ಟ್ ಮೇಲೇರಿದರೆ, ನೀರು ಬಿಟ್ಟ ಕ್ಷಣದಲ್ಲೇ ಮಣ್ಣು ಇನ್ನಷ್ಟು ಒಣಗಿತೆಂದು ನಿಮ್ಮ ಪ್ರೋಗ್ರಾಂ ತಿಳಿಯುತ್ತದೆ. ಅದಕ್ಕೆ ವಾಲ್ವ್ ಮುಚ್ಚಲು ಕಾರಣವೇ ಸಿಗುವುದಿಲ್ಲ. ದಾಳಿಂಬೆಗೆ ನೀರು ನಿಲ್ಲಬಾರದು, ಕಾಯಿ ಬಲಿಯುವಾಗ ತೇವಾಂಶ ಒಮ್ಮೆಲೇ ಏರಿಳಿದರೆ ಹಣ್ಣು ಸೀಳುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಈ ಉತ್ತರ ಓದಿ ಮುಗಿಸುವ ಮೊದಲೇ ವಾಲ್ವ್‌ಗಳನ್ನು ಕೈಯಿಂದ ನಡೆಸುವ ಕ್ರಮಕ್ಕೆ ಮರಳಿ.

ನಿಮ್ಮಲ್ಲಿ ಇರುವುದು ಒಂದು ದೋಷವಲ್ಲ, ಒಂದರ ಮೇಲೊಂದು ಕೂತಿರುವ ಐದು ದೋಷಗಳು. ಪೈ ಬದಲಿಸಿದರೂ ಸೆನ್ಸರ್ ಬದಲಿಸಿದರೂ ಫಲ ಕಾಣದಿದ್ದುದಕ್ಕೆ ಇದೇ ಕಾರಣ. ಒಂದು ದೋಷ ಹೋದರೂ ಉಳಿದ ನಾಲ್ಕು ಅದನ್ನು ಮುಚ್ಚಿಹಾಕುತ್ತವೆ. ಬಳ್ಳಾರಿ, ತೋರಣಗಲ್ಲು ಸುತ್ತಿನ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಕುಲುಮೆಯ ಪಕ್ಕದ ಲಕ್ಷಾಂತರ ರೂಪಾಯಿಯ ಉಪಕರಣಕ್ಕೂ ನಿಮ್ಮ ಶೆಡ್ಡಿನ ಪುಟ್ಟ ಬೋರ್ಡಿಗೂ ಕಾಯಿಲೆ ಒಂದೇ ಬಗೆಯದು. ಅದು ಹೆಚ್ಚಾಗಿ ಸೆನ್ಸರ್‌ನಲ್ಲಿಯೂ ಇರುವುದಿಲ್ಲ, ಕಂಪ್ಯೂಟರಿನಲ್ಲಿಯೂ ಇರುವುದಿಲ್ಲ. ಅವೆರಡರ ನಡುವಿನ ತಂತಿಯಲ್ಲಿ, ಅದರಲ್ಲೂ ನಾವು ಯಾರೂ ಗಮನಿಸದ ಗ್ರೌಂಡ್ ತಂತಿಯಲ್ಲಿ ಇರುತ್ತದೆ.

ಕೇಳಿದ ಸಲಹೆಗಳಲ್ಲಿ ಎಷ್ಟು ನಿಜ

ಪೈಗೆ ಅನಲಾಗ್ ಬರುವುದಿಲ್ಲ ಎಂಬುದು ನಿಜ. ರಾಸ್ಪ್‌ಬೆರಿ ಪೈಯ ಪಿನ್‌ಗಳು ಇದೆ, ಇಲ್ಲ ಎಂಬ ಎರಡೇ ಸ್ಥಿತಿಯನ್ನು ಗುರುತಿಸುತ್ತವೆ, ಅವಕ್ಕೆ 3.3 ವೋಲ್ಟ್‌ಗಿಂತ ಹೆಚ್ಚು ಕೊಡಲೂಬಾರದು. ಅದಕ್ಕಾಗಿಯೇ ನೀವು ಎಡಿಎಸ್1115 ಹಾಕಿದ್ದೀರಿ, ಆ ಆಯ್ಕೆ ಸರಿಯಾಗಿದೆ. ಆರ್ಡುಯಿನೊ ಊನೊ ಹಾಕಿದರೆ ಏನಾಗುತ್ತದೆ? ಅದರದು 10 ಬಿಟ್, 5 ವೋಲ್ಟಿನಲ್ಲಿ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ನಿಮ್ಮ ಬೋರ್ಡಿನದು 16 ಬಿಟ್, 4.096 ವೋಲ್ಟಿನ ರೇಂಜಿನಲ್ಲಿ ಒಂದು ಮೆಟ್ಟಿಲು 0.125 ಮಿಲಿವೋಲ್ಟ್. ತಂತಿಯಲ್ಲಿ ಒಂದು ವೋಲ್ಟ್ ತಪ್ಪು ಸೇರಿದ್ದರೆ ಎರಡೂ ಆ ತಪ್ಪನ್ನೇ ಅಳೆಯುತ್ತವೆ, ಎಡಿಎಸ್ ಇನ್ನಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ. ಹಾಗೆಂದು ಅನಲಾಗ್ ಪಿನ್ ಇರುವ ಬೀಗಲ್‌ಬೋನ್ ಬ್ಲ್ಯಾಕ್ ಕೊಳ್ಳುವ ಯೋಚನೆ ಬಂದರೆ ಎಚ್ಚರ: ಅದರ ಅನಲಾಗ್ ಪಿನ್‌ಗಳ ಮಿತಿ 1.8 ವೋಲ್ಟ್ ಮಾತ್ರ. ನಿಮ್ಮ ಸೆನ್ಸರನ್ನು ನೇರವಾಗಿ ಕೊಟ್ಟರೆ ಬೋರ್ಡು ಹಾಳಾಗುತ್ತದೆ.

ಅಗ್ಗದ ಮಾಲಿನ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮಾರುಕಟ್ಟೆಯ ಈ ಕಪ್ಪು ಬಣ್ಣದ ಕೆಪಾಸಿಟಿವ್ ಸೆನ್ಸರ್‌ಗಳಲ್ಲಿ ಕೆಲವಕ್ಕೆ ಕಡಿಮೆ ವೋಲ್ಟೇಜಿನಲ್ಲಿ ನಡೆಯುವ ಟಿಎಲ್‌ಸಿ555 ಚಿಪ್ಪಿನ ಬದಲು ಹಳೆಯ ಎನ್‌ಇ555 ಹಾಕಿರುತ್ತಾರೆ. ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. ಕೆಲವದರಲ್ಲಿ ವೋಲ್ಟೇಜ್ ರೆಗ್ಯುಲೇಟರ್ ಇರುವುದಿಲ್ಲ. ಇನ್ನು ಕೆಲವದರಲ್ಲಿ ಒಂದು ಮೆಗಾಓಮ್ ರೆಸಿಸ್ಟರ್ ಗ್ರೌಂಡಿಗೆ ಸೇರಿಯೇ ಇರುವುದಿಲ್ಲ, ಹಾಗಾಗಿ ಏರಿದ ರೀಡಿಂಗ್ ಇಳಿಯಲು ನಿಮಿಷಗಟ್ಟಲೆ ಬೇಕಾಗುತ್ತದೆ. ಪರೀಕ್ಷೆ ಸುಲಭ. ಸೆನ್ಸರನ್ನು ಒರೆಸಿ ಗಾಳಿಯಲ್ಲಿ ಹಿಡಿಯಿರಿ, ಬಳಿಕ ಅದರ ಮೇಲಿನ ಗೆರೆಯವರೆಗೆ ಮಾತ್ರ ಲೋಟದ ನೀರಿನಲ್ಲಿ ಅದ್ದಿ. ಎರಡರ ನಡುವೆ ಒಂದು ವೋಲ್ಟಿನ ಆಸುಪಾಸಿನ ಅಂತರ ಒಂದೆರಡು ಸೆಕೆಂಡಿನಲ್ಲೇ ಕಾಣಬೇಕು. ಕಂಡರೆ ಸೆನ್ಸರ್ ಚೆನ್ನಾಗಿದೆ, ಇನ್ನೊಂದು ಕೊಳ್ಳಬೇಡಿ.

ಸರಾಸರಿಯ ವಿಷಯ. ರೀಡಿಂಗ್ ನಿಜವಾದ ಬೆಲೆಯ ಎರಡೂ ಬದಿಗೆ ಓಲಾಡುತ್ತಿದ್ದರೆ ಸರಾಸರಿ ಅದನ್ನು ನಡುವಿಗೆ ತರುತ್ತದೆ. ವಾಲ್ವ್ ತೆರೆದಾಗ ಬರುವ ಒಂದು ವೋಲ್ಟ್ ಓಲಾಟವಲ್ಲ, ಒಂದೇ ಬದಿಗೆ ಕೂತ ಭಾರ. ನೂರರ ಬದಲು ಸಾವಿರ ರೀಡಿಂಗ್ ತೆಗೆದರೂ ಸರಾಸರಿ 3.1 ಎಂದೇ ಬರುತ್ತದೆ. ಅಷ್ಟೇ ಅಲ್ಲ, ಸ್ಕ್ರೀನಿನ ಮೇಲಿನ ಗೆರೆ ನಯವಾಗಿ ಕಾಣುವುದರಿಂದ ತಪ್ಪು ಅಂಕಿಯ ಮೇಲೆ ನಂಬಿಕೆ ಹೆಚ್ಚುತ್ತದೆ. ದೋಷ ಹುಡುಕುವ ದಿನಗಳಲ್ಲಿ ಸರಾಸರಿ, ಫಿಲ್ಟರ್ ಎಲ್ಲವನ್ನೂ ಪ್ರೋಗ್ರಾಂನಿಂದ ತೆಗೆದುಹಾಕಿ; ಬಂದ ಅಂಕಿಗಳನ್ನು ಬಂದಂತೆಯೇ ನೋಡಿ.

ಅರ್ಥಿಂಗ್ ಸಲಹೆಯೇ ನನಗೆ ಹೆಚ್ಚು ಅಪಾಯಕಾರಿಯಾಗಿ ಕಂಡದ್ದು. ಮೋಟರಿಗೂ ಸ್ಟಾರ್ಟರ್ ಪೆಟ್ಟಿಗೆಗೂ ಅರ್ಥಿಂಗ್ ಇರಲೇಬೇಕು, ಅದು ಜೀವ ಉಳಿಸಲು. ಆದರೆ ಆ ತಂತಿಯಲ್ಲಿ ಮೋಟರಿನ ಸೋರಿಕೆ ಕರೆಂಟ್ ಹರಿಯುತ್ತದೆ. ಕೇಬಲ್ ಸುಟ್ಟ ದಿನ ಅದಕ್ಕಿಂತ ಬಹಳ ಹೆಚ್ಚು ಹರಿಯುತ್ತದೆ. ನಿಮ್ಮ ದೂರದ ಸೆನ್ಸರ್ ಹಸಿ ಮಣ್ಣಿನಲ್ಲಿ ಹೂತಿದೆ. ಅದರ ಅಂಚಿನಿಂದ ನೀರು ಒಳಸೇರಿದರೆ ಅದರ ಗ್ರೌಂಡ್ ಅಲ್ಲಿಯೇ ಭೂಮಿಗೆ ತಗಲುತ್ತದೆ. ಈಚೆ ಶೆಡ್‌ನಲ್ಲಿ ಮೋಟರ್ ಅರ್ಥಿಂಗ್‌ಗೂ ಕೊಟ್ಟರೆ, ಎರಡು ಕಡೆ ಭೂಮಿಗೆ ಸೇರಿದ ನಿಮ್ಮ ತೆಳ್ಳನೆಯ ತಂತಿ ಮೋಟರಿನ ಸೋರಿಕೆಗೆ ದಾರಿಯಾಗುತ್ತದೆ, ಸಿಡಿಲು ಬಡಿದಾಗ ಅದಕ್ಕೂ ದಾರಿಯಾಗುತ್ತದೆ. ಅದನ್ನು ಮಾಡಬೇಡಿ. ವಾಲ್ವಿನಿಂದ ಬರುವ ದೋಷ ಅದರಿಂದ ಒಂದು ಕೂದಲಿನಷ್ಟೂ ಕಡಿಮೆಯಾಗುವುದಿಲ್ಲ.

ಆ ಒಂದು ವೋಲ್ಟ್ ಎಲ್ಲಿಂದ ಬಂತು

ವೋಲ್ಟೇಜ್ ಎಂದರೆ ಯಾವಾಗಲೂ ಎರಡು ಬಿಂದುಗಳ ನಡುವಿನ ಅಂತರ. ಸೆನ್ಸರ್ ತನ್ನ ಕಾಲಬುಡದ ಗ್ರೌಂಡನ್ನು ಸೊನ್ನೆ ಎಂದುಕೊಂಡು 2.1 ಎನ್ನುತ್ತದೆ. ಶೆಡ್ಡಿನ ಬೋರ್ಡು ತನ್ನ ಗ್ರೌಂಡನ್ನು ಸೊನ್ನೆ ಎಂದುಕೊಂಡು ಅಳೆಯುತ್ತದೆ. ಇವೆರಡು ಸೊನ್ನೆಗಳು ಒಂದೇ ಆಗಿರುವವರೆಗೆ ತೊಂದರೆಯಿಲ್ಲ.

ಈಗ ಲೆಕ್ಕ ಹಾಕೋಣ. 0.5 ಚದರ ಮಿಲಿಮೀಟರ್ ತಾಮ್ರದ ತಂತಿ 60 ಮೀಟರಿಗೆ ಸುಮಾರು 2 ಓಮ್ ರೋಧ ಒಡ್ಡುತ್ತದೆ. ಸೆನ್ಸರ್ ಎಳೆಯುವುದು ಕೆಲವೇ ಮಿಲಿಆಂಪಿಯರ್, ಹಾಗಾಗಿ ಅದರಿಂದ ಆಗುವ ವ್ಯತ್ಯಾಸ ಸುಮಾರು 10 ಮಿಲಿವೋಲ್ಟ್, ಲೆಕ್ಕಕ್ಕಿಲ್ಲ. ಆದರೆ 12 ವೋಲ್ಟಿನ ವಾಲ್ವ್ ಅರ್ಧ ಆಂಪಿಯರ್ ಎಳೆದರೆ, ಅದೇ ಗ್ರೌಂಡ್ ತಂತಿಯಲ್ಲಿ ಮರಳುವ ಆ ಕರೆಂಟ್ ಅರ್ಧ ಗುಣಿಸು ಎರಡು, ಅಂದರೆ ಒಂದು ವೋಲ್ಟ್ ಎಬ್ಬಿಸುತ್ತದೆ. ದೂರದ ತುದಿಯ ಸೊನ್ನೆ ಶೆಡ್ಡಿನ ಸೊನ್ನೆಗಿಂತ ಒಂದು ವೋಲ್ಟ್ ಮೇಲೇರಿತು. ಸೆನ್ಸರ್ 2.1 ಎಂದದ್ದು ಶೆಡ್‌ನಲ್ಲಿ 3.1 ಎಂದು ಕೇಳಿಸಿತು. ನೀವು ಬರೆದ ಅಂಕಿಗಳಿಗೂ ಈ ಲೆಕ್ಕಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾಗುತ್ತಿರುವುದರಿಂದಲೇ ನಾನು ಇದನ್ನು ಧೈರ್ಯದಿಂದ ಹೇಳುತ್ತಿದ್ದೇನೆ.

ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಲ್ಲಿ ಇದನ್ನು ನೀವು ನೋಡಿರುತ್ತೀರಿ. ಎರಡು ಗದ್ದೆಗಳಿಗೆ ಕಿರಿದಾದ ಒಂದೇ ಬಸಿಗಾಲುವೆ ಇದ್ದರೆ, ಪಕ್ಕದವರು ನೀರು ಬಿಟ್ಟಾಗ ಕಾಲುವೆಯ ಮಟ್ಟ ಏರಿ ನಮ್ಮ ಗದ್ದೆಯಲ್ಲೂ ನೀರು ನಿಲ್ಲುತ್ತದೆ. ನಮ್ಮ ಗದ್ದೆಗೆ ಯಾರೂ ನೀರು ಹಾಯಿಸಿಲ್ಲ, ಆದರೂ ಮಟ್ಟ ಏರಿರುತ್ತದೆ. ನಿಮ್ಮ ಗ್ರೌಂಡ್ ತಂತಿ ಆ ಕಿರಿದಾದ ಬಸಿಗಾಲುವೆ.

ಇದನ್ನು ನಂಬಬೇಕಿಲ್ಲ, ಪರೀಕ್ಷಿಸಬಹುದು. ಮಲ್ಟಿಮೀಟರ್ ಹಿಡಿದು ದೂರದ ಸೆನ್ಸರ್ ಬಳಿ ಹೋಗಿ, ಅಲ್ಲಿಯೇ ಅದರ ಸಿಗ್ನಲ್ ಮತ್ತು ಗ್ರೌಂಡ್ ನಡುವೆ ಡಿಸಿ ವೋಲ್ಟೇಜ್ ನೋಡಿ. ಮನೆಯವರೊಬ್ಬರು ಶೆಡ್‌ನಲ್ಲಿ ಸ್ಕ್ರೀನ್ ನೋಡುತ್ತ ಮೊಬೈಲಿನಲ್ಲಿ ಅಂಕಿ ಹೇಳಲಿ. ವಾಲ್ವ್ ತೆರೆಸಿ. ನಿಮ್ಮ ಮೀಟರಿನಲ್ಲಿ 2.1 ಅಲುಗದೆ ನಿಂತು, ಶೆಡ್‌ನಲ್ಲಿ 3.1 ಕಂಡರೆ ಸೆನ್ಸರ್ ನಿರ್ದೋಷಿ, ತಂತಿಯೇ ಅಪರಾಧಿ. ಮೀಟರಿನಲ್ಲೂ 3.1 ಬಂದರೆ ನನ್ನ ಲೆಕ್ಕ ತಪ್ಪು. ಆಗ ಸೆನ್ಸರಿಗೆ ಹೋಗುವ ಸಪ್ಲೈ ವೋಲ್ಟೇಜ್ ಅಲ್ಲಿ ಎಷ್ಟಾಗಿದೆ ಎಂದು ನೋಡಬೇಕು.

ಉಳಿದ ನಾಲ್ಕು

ಎಲ್ಲ ವಾಲ್ವ್ ಮುಚ್ಚಿದಾಗ ಮೂರೂ ರೀಡಿಂಗ್ ಕೆಡುವುದಕ್ಕೆ ಕಾರಣ ಆ 250 ಓಮ್ ರೆಸಿಸ್ಟರ್. ಅದು 4–20 ಮಿಲಿಆಂಪಿಯರನ್ನು 1ರಿಂದ 5 ವೋಲ್ಟಿಗೆ ಬದಲಿಸುತ್ತದೆ, 5 ವೋಲ್ಟ್ ಓದುವ ಉಪಕರಣಗಳಿಗಾಗಿ ಹೇಳಿದ ಬೆಲೆ ಅದು. ನಿಮ್ಮ ಎಡಿಎಸ್1115ಗೆ ಕೊಟ್ಟಿರುವುದು 3.3 ವೋಲ್ಟ್. ಅದರ ಯಾವ ಚಾನೆಲ್‌ಗೂ ಸಪ್ಲೈಗಿಂತ 0.3 ವೋಲ್ಟ್ ಹೆಚ್ಚಿನದು, ಅಂದರೆ 3.6 ದಾಟಿದ್ದು ಬರಬಾರದು. ಹನಿ ನೀರಾವರಿ ನಡೆಯುವಾಗ ಒತ್ತಡ 3 ಬಾರ್ ಇದ್ದರೆ 8.8 ಮಿಲಿಆಂಪಿಯರ್, 2.2 ವೋಲ್ಟ್, ತೊಂದರೆಯಿಲ್ಲ. ವಾಲ್ವ್‌ಗಳು ಮುಚ್ಚಿ ಒತ್ತಡ 7 ಬಾರ್‌ಗೆ ಏರಿದರೆ 15.2 ಮಿಲಿಆಂಪಿಯರ್, 3.8 ವೋಲ್ಟ್. ಒಂದು ಚಾನೆಲ್ ಮಿತಿ ಮೀರಿದಾಗ ಚಿಪ್ಪಿನೊಳಗಿನ ರಕ್ಷಣೆಯ ಡಯೋಡ್‌ಗಳು ಕರೆಂಟ್ ಹರಿಸಿ ಪಕ್ಕದ ಚಾನೆಲ್‌ಗಳ ಅಳತೆಯನ್ನೂ ಕೆಡಿಸುತ್ತವೆ. ಚಾನೆಲ್ ರೇಂಜನ್ನು ಪ್ರೋಗ್ರಾಂನಲ್ಲಿ 6.144 ವೋಲ್ಟ್ ಎಂದು ಇಟ್ಟರೂ ಈ ಮಿತಿ ಬದಲಾಗುವುದಿಲ್ಲ. ಅದು ಅಳತೆಯ ಪಟ್ಟಿಯ ಉದ್ದವಷ್ಟೇ, ಚಿಪ್ಪಿನ ತಾಳಿಕೆಯಲ್ಲ. ಇವತ್ತೇ 250 ತೆಗೆದು 150 ಓಮ್, ಒಂದು ಶೇಕಡಾ ನಿಖರತೆಯ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ. 0.6ರಿಂದ 3.0 ವೋಲ್ಟ್ ಬರುತ್ತದೆ. ಇಡೀ ಬೋರ್ಡಿಗೆ 5 ವೋಲ್ಟ್ ಕೊಟ್ಟುಬಿಡುತ್ತೇನೆ ಎಂದುಕೊಳ್ಳಬೇಡಿ. ಈ ಮಾಡ್ಯೂಲಿನ ಪುಲ್‌ಅಪ್ ರೆಸಿಸ್ಟರ್‌ಗಳು ಬೋರ್ಡಿನೊಡನೆ ಮಾತಾಡುವ ಪೈಯ ಐ2ಸಿ ಪಿನ್‌ಗಳನ್ನು 5 ವೋಲ್ಟಿನ ಕಡೆಗೆ ಎಳೆಯುತ್ತವೆ.

ನಿಧಾನವಾದ ಅಲೆಯ ವಿಷಯ ನನಗೆ ತುಂಬ ಇಷ್ಟವಾದದ್ದು. ಮಣ್ಣಿನ ತೇವ ಅಷ್ಟು ಬೇಗ ಏರಿಳಿಯುವುದಿಲ್ಲ, ಹಾಗಾದರೆ ಆ ಅಲೆ ಯಾವುದು? ಅದು 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ, ವೇಷ ಬದಲಿಸಿ ಬಂದಿದೆ. ನಿಮ್ಮ ಕೇಬಲ್ ಎಲ್ಲೋ ಮೋಟರ್ ಕೇಬಲ್ ಅಥವಾ ಸ್ಟಾರ್ಟರಿಗೆ ಬರುವ ಲೈನಿನ ಪಕ್ಕ ಹಾದುಹೋಗಿರಬೇಕು. ಮೋಟರ್ ನಿಂತಿದ್ದರೂ ಲೈನಿನಲ್ಲಿ ಕರೆಂಟ್ ಇದ್ದರೆ ಸಾಕು. ನೀವು ಸೆಕೆಂಡಿಗೆ ಒಮ್ಮೆ ರೀಡಿಂಗ್ ತೆಗೆಯುತ್ತೀರಿ ಎಂದುಕೊಳ್ಳಿ. ಕರೆಂಟ್ ಸರಿಯಾಗಿ 50 ಹರ್ಟ್ಸ್ ಇದ್ದರೆ ಪ್ರತಿ ಬಾರಿಯೂ ಅಲೆಯ ಒಂದೇ ಜಾಗ ಸಿಗುತ್ತದೆ, ಏನೂ ಅಲುಗುವುದಿಲ್ಲ. ನಮ್ಮ ಗ್ರಿಡ್ ಸದಾ ಅದರ ಆಸುಪಾಸಿನಲ್ಲಿ ಕೊಂಚ ಸರಿದಾಡುತ್ತಿರುತ್ತದೆ, 49.95 ಇದ್ದರೆ ಪ್ರತಿ ಸೆಕೆಂಡಿಗೆ ಅಲೆಯ ಇಪ್ಪತ್ತನೇ ಒಂದು ಭಾಗ ಹಿಂದೆ ಬೀಳುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ ಒಂದು ಪೂರ್ಣ ಅಲೆ ಸ್ಕ್ರೀನಿನ ಮೇಲೆ ಮೂಡುತ್ತದೆ. ನಿಮ್ಮ ಪ್ರೋಗ್ರಾಂನ ಸೆಕೆಂಡ್ ಕೂಡ ಪೂರ್ತಿ ನಿಖರವಲ್ಲದ್ದರಿಂದ ಆ ಅವಧಿ ಹಿಗ್ಗುತ್ತದೆ, ಕುಗ್ಗುತ್ತದೆ. ಪರೀಕ್ಷೆ: ರೀಡಿಂಗ್ ತೆಗೆಯುವ ಅಂತರವನ್ನು ಒಂದು ಸೆಕೆಂಡಿನಿಂದ 0.97ಕ್ಕೆ ಬದಲಿಸಿ. ಅಲೆಯ ವೇಗ ಬದಲಾದರೆ ಅದು ಮಣ್ಣಿನದಲ್ಲ.

ಇದಕ್ಕೆ ಮದ್ದು ಎರಡು. ಎಡಿಎಸ್1115 ತಾನಾಗಿ ಸೆಕೆಂಡಿಗೆ 128 ರೀಡಿಂಗ್ ವೇಗದಲ್ಲಿ ನಡೆಯುತ್ತದೆ, ಒಂದೊಂದಕ್ಕೆ ಸುಮಾರು 8 ಮಿಲಿಸೆಕೆಂಡ್. 50 ಹರ್ಟ್ಸಿನ ಒಂದು ಸುತ್ತು 20 ಮಿಲಿಸೆಕೆಂಡ್, ಹಾಗಾಗಿ ಅರ್ಧ ಸುತ್ತೂ ಅದಕ್ಕೆ ಸಿಗುವುದಿಲ್ಲ. ವೇಗವನ್ನು ಸೆಕೆಂಡಿಗೆ 8ಕ್ಕೆ ಇಳಿಸಿದರೆ ಒಂದು ರೀಡಿಂಗ್ ಆರು ಸುತ್ತುಗಳನ್ನು ಒಟ್ಟಿಗೆ ನೋಡುತ್ತದೆ, ಗದ್ದಲ ಬಹುಪಾಲು ತಾನೇ ಅಳಿಯುತ್ತದೆ. ಎರಡನೆಯದು, ಬೋರ್ಡಿನ ಹತ್ತಿರವೇ ಸಿಗ್ನಲ್ ತಂತಿಗೆ ಸಾಲಾಗಿ 10 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದು 50 ಹರ್ಟ್ಸನ್ನು ಸುಮಾರು ಮೂವತ್ತನೇ ಒಂದು ಭಾಗಕ್ಕೆ ಇಳಿಸುತ್ತದೆ. ಆ 10 ಕಿಲೋಓಮ್‌ನಿಂದ ಇನ್ನೊಂದು ಲಾಭವೂ ಇದೆ: ತಪ್ಪಿ ಹೆಚ್ಚು ವೋಲ್ಟೇಜ್ ಬಂದರೆ ಚಿಪ್ಪಿಗೆ ಹರಿಯುವ ಕರೆಂಟಿಗೆ ಅದು ಕಡಿವಾಣ. ಕೆಪಾಸಿಟರನ್ನು ಸೆನ್ಸರ್ ತುದಿಯಲ್ಲಿ ಹಾಕಬೇಡಿ. ಗದ್ದಲ ಸೇರುವುದು ದಾರಿಯುದ್ದಕ್ಕೂ, ಸೋಸಬೇಕಾದದ್ದು ಮನೆಯ ಬಾಗಿಲಲ್ಲಿ.

ಮೋಟರ್ ಶುರುವಾಗುವಾಗ ಪೈ ರೀಸ್ಟಾರ್ಟ್ ಆಗುವುದು ಅನಲಾಗ್ ವಿಷಯವೇ ಅಲ್ಲ. ನೇರ ಸ್ಟಾರ್ಟರಿನಲ್ಲಿ ಸಬ್‌ಮರ್ಸಿಬಲ್ ಮೋಟರ್ ಶುರುವಿನಲ್ಲಿ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಜೆಸ್ಕಾಂ ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಹೊಲದಲ್ಲಿ ಆ ಕ್ಷಣ ಲೈನಿನ ವೋಲ್ಟೇಜ್ ಕುಸಿಯುತ್ತದೆ, ಅಡಾಪ್ಟರ್ ಸಾಲದಾಗುತ್ತದೆ. ಪೈಯ 5 ವೋಲ್ಟ್ 4.63ಕ್ಕಿಂತ ಕೆಳಗೆ ಇಳಿದಾಗ ಅದು ಎಚ್ಚರಿಕೆಯನ್ನು ದಾಖಲಿಸುತ್ತದೆ. ಥ್ರಾಟಲ್ ಸ್ಥಿತಿ ಕೇಳುವ ಕಮಾಂಡ್ ಕೊಟ್ಟಾಗ ಬರುವ ಅಂಕಿಯಲ್ಲಿ ಕಡಿಮೆ ವೋಲ್ಟೇಜಿನ ಗುರುತು ಇದ್ದರೆ ಇದೇ ಕಾರಣ ಎಂದು ತಿಳಿಯಿರಿ; ಪೈ ಬಿಸಿಯಾದಾಗಲೂ ಸೊನ್ನೆಯಲ್ಲದ ಅಂಕಿ ಬರಬಹುದು. 12 ವೋಲ್ಟ್ ಬ್ಯಾಟರಿ, ಅದರಿಂದ 5.1 ವೋಲ್ಟ್ 3 ಆಂಪಿಯರ್ ಕೊಡುವ ಒಳ್ಳೆಯ ಕನ್ವರ್ಟರ್ ಹಾಕಿದರೆ ತ್ರೀ ಫೇಸ್ ಪಾಳಿ ಬಂದುಹೋಗುವ ಗೊಂದಲವೂ ತಪ್ಪುತ್ತದೆ. ರಿಲೇ ಬೋರ್ಡಿನ ಕಾಯಿಲ್‌ಗಳಿಗೆ ಪೈಯಿಂದಲೇ ಕರೆಂಟ್ ಕೊಟ್ಟಿದ್ದರೆ ಅದನ್ನು ಬೇರೆ ಮಾಡಿ. ವಾಲ್ವ್ ಕಾಯಿಲ್‌ಗಳಿಗೆ ಅಡ್ಡಲಾಗಿ ಒಂದೊಂದು 1ಎನ್4007 ಡಯೋಡ್ ಇದೆಯೇ ನೋಡಿ. ಇಲ್ಲದಿದ್ದರೆ ವಾಲ್ವ್ ಆಫ್ ಆದ ಪ್ರತಿ ಬಾರಿಯೂ ನೂರಾರು ವೋಲ್ಟಿನ ಚಿಮ್ಮು ನಿಮ್ಮ ಅದೇ ಕೇಬಲ್ಲಿನಲ್ಲಿ ಓಡುತ್ತದೆ.

ಇನ್ನು ಎರೆ ಪಟ್ಟಿ. ಇಲ್ಲಿ ಸರ್ಕೀಟಿಗೆ ಸಂಬಂಧವಿಲ್ಲದ ಕಾರಣವಿದೆ, ಸರ್ಕೀಟಿನವರು ಅದನ್ನು ಗಮನಿಸುವುದಿಲ್ಲ. ಎರೆ ಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಚಪ್ಪಟೆ ಸೆನ್ಸರಿನ ಮೈಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಸೇರಿದರೂ ಅದು ಗಾಳಿಯನ್ನೇ ಅಳೆಯುತ್ತದೆ. ಈ ಸೆನ್ಸರಿಗೆ ತನ್ನ ಮೈಗೆ ಅಂಟಿದ ಕೆಲವೇ ಮಿಲಿಮೀಟರ್ ಮಾತ್ರ ಕಾಣುವುದು. ಆ ಗುಣಿಯ ಮಣ್ಣನ್ನೇ ನೀರಿನಲ್ಲಿ ಕಲಸಿ ಕೆಸರು ಮಾಡಿ, ಡ್ರಿಪ್ಪರ್‌ನಿಂದ ಒಂದು ಗೇಣು ದೂರದಲ್ಲಿ ಓರೆಯಾಗಿ ಹೂತು ಕೆಸರು ತುಂಬಿ. ಹೂಳುವ ಮುನ್ನ ಸೆನ್ಸರಿನ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿಯಿರಿ, ಅಂಚಿನಿಂದಲೇ ನೀರು ಒಳಗೆ ಹೋಗುವುದು. ಮಸಾರಿಗೆ ಹೊಂದಿಸಿದ ಅಂಕಿಗಳನ್ನು ಎರೆಗೆ ಬಳಸಬೇಡಿ. ಎರಡಕ್ಕೂ ಬೇರೆ ಬೇರೆಯಾಗಿ ಒಣ, ಹಸಿ ಮಿತಿಗಳನ್ನು ಗುರುತಿಸಿ. ಡ್ರಿಪ್ಪಿನಲ್ಲಿ ಗೊಬ್ಬರ ಬಿಟ್ಟ ದಿನವೂ ಮಣ್ಣು ಸವಳಾಗಿದ್ದಲ್ಲೂ ಈ ಅಗ್ಗದ ಸೆನ್ಸರ್‌ಗಳು ಉಪ್ಪಿನಂಶಕ್ಕೆ ಮೋಸ ಹೋಗಿ ಹೆಚ್ಚು ಹಸಿ ಎನ್ನುತ್ತವೆ. ಆ ದಿನಗಳ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಯಾವ ದಾರಿ ಹಿಡಿಯುವುದು

ಮೊದಲು ಕ್ರಮ. ಎಲ್ಲವನ್ನೂ ಕಳಚಿ, ಬೋರ್ಡಿನ ಒಂದು ಚಾನೆಲ್‌ಗೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಗೇಣುದ್ದ ತಂತಿಯಲ್ಲಿ ಕೊಡಿ. ಮೀಟರಿನ ಅಂಕಿಯೂ ಸ್ಕ್ರೀನಿನ ಅಂಕಿಯೂ ಒಂದೇ ಆಗಿ ಅಲುಗದೆ ನಿಂತರೆ ಪೈ, ಬೋರ್ಡು, ಪ್ರೋಗ್ರಾಂ ಮೂರೂ ಸರಿ. ಅವನ್ನು ಮತ್ತೆ ಮುಟ್ಟಬೇಡಿ. ಆಮೇಲೆ ಒಂದೊಂದನ್ನೇ ಸೇರಿಸಿ: ಶೆಡ್‌ನಲ್ಲೇ ಲೋಟದ ನೀರಿನಲ್ಲಿ ಸೆನ್ಸರ್, ನಂತರ ಅದೇ ಸೆನ್ಸರ್ ಉದ್ದ ಕೇಬಲ್ಲಿನ ತುದಿಯಲ್ಲಿ, ನಂತರ ವಾಲ್ವ್, ಕೊನೆಗೆ ಮೋಟರ್. ಯಾವ ಹೆಜ್ಜೆಯಲ್ಲಿ ಕೆಟ್ಟಿತೋ ಅಲ್ಲಿಯೇ ದೋಷ. ಪ್ರತಿ ಹೆಜ್ಜೆಯ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಳಸದ ಚಾನೆಲ್‌ಗಳನ್ನು ಗ್ರೌಂಡಿಗೆ ಕೊಡಿ, ಖಾಲಿ ಬಿಟ್ಟ ಚಾನೆಲ್ ಸುಳ್ಳು ಅಂಕಿಗಳನ್ನು ತೋರಿಸಿ ದಾರಿ ತಪ್ಪಿಸುತ್ತದೆ.

ವಾಲ್ವಿನ ದೋಷಕ್ಕೆ ಖರ್ಚೇ ಇಲ್ಲದ ದಾರಿ ಒಂದಿದೆ, ನಾನು ಅದರಿಂದಲೇ ಶುರುಮಾಡುತ್ತೇನೆ. ಮಣ್ಣಿನ ತೇವವನ್ನು ಸೆಕೆಂಡಿಗೊಮ್ಮೆ ಅಳೆಯುವ ಅಗತ್ಯವೇನಿದೆ? ಕಾಲು ಗಂಟೆಗೊಮ್ಮೆ ಸಾಕು. ವಾಲ್ವ್ ತೆರೆಯುವ ಮುಂಚೆ ಅಳೆಯಿರಿ; ನಡುವೆ ಅಳೆಯಬೇಕಾದರೆ ಆ ವಾಲ್ವನ್ನು ಕೆಲವು ಸೆಕೆಂಡ್ ಮುಚ್ಚಿ ಅಳೆದು ಮತ್ತೆ ತೆರೆಯಿರಿ. ಗ್ರೌಂಡಿನಲ್ಲಿ ವಾಲ್ವ್ ಕರೆಂಟ್ ಇಲ್ಲದಿದ್ದಾಗ ತಪ್ಪೂ ಇಲ್ಲ. ಅಪಾಯ: ಮುಂದೆ ಯಾರಾದರೂ ಪ್ರೋಗ್ರಾಂ ತಿದ್ದಿ ಈ ಕ್ರಮ ತಪ್ಪಿಸಿದರೆ ಹಳೆಯ ಕಾಯಿಲೆ ಸದ್ದಿಲ್ಲದೆ ಮರಳುತ್ತದೆ. ಮೋಟರ್ ಓಡುತ್ತಿರುವಾಗ ವಾಲ್ವ್‌ಗಳೆಲ್ಲ ಒಮ್ಮೆಗೇ ಮುಚ್ಚದಂತೆಯೂ ನೋಡಿಕೊಳ್ಳಬೇಕು.

ಬಾಳುವ ದಾರಿ, ವಾಲ್ವಿಗೆ ಪ್ರತ್ಯೇಕವಾಗಿ ಎರಡು ಕೋರಿನ ಕೇಬಲ್ ಎಳೆಯುವುದು. ಅದರ ಗ್ರೌಂಡ್ ಶೆಡ್‌ನಲ್ಲಿ ಪವರ್ ಸಪ್ಲೈನ ಬುಡದಲ್ಲೇ ಸೆನ್ಸರ್ ಗ್ರೌಂಡಿಗೆ ಸೇರಲಿ, ದಾರಿಯಲ್ಲಿ ಎಲ್ಲಿಯೂ ಬೇಡ. ಸೆನ್ಸರಿಗೆ ಶೀಲ್ಡ್ ಇರುವ ಕೇಬಲ್ ಹಾಕಿದರೆ ಆ ಶೀಲ್ಡನ್ನು ಶೆಡ್ ಕಡೆ ಮಾತ್ರ ಗ್ರೌಂಡಿಗೆ ಕೊಡಿ, ಹೊಲದ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿ. ಮೋಟರ್ ಕೇಬಲ್ಲಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿ. ಇಷ್ಟು ಮಾಡಿದರೆ ನಿಮ್ಮ ಹೊಲಕ್ಕೆ ಸಾಕು ಎಂಬುದು ನನ್ನ ಅಭಿಪ್ರಾಯ.

ಕೇಬಲ್ ಎಳೆಯಲಾಗದಿದ್ದರೆ ಎಡಿಎಸ್1115ರಲ್ಲಿ ಎರಡು ಚಾನೆಲ್‌ಗಳ ನಡುವಿನ ಅಂತರ ಅಳೆಯುವ ವ್ಯವಸ್ಥೆಯಿದೆ. ಸೆನ್ಸರಿನ ಕಾಲಬುಡದ ಗ್ರೌಂಡಿನಿಂದ ಕರೆಂಟ್ ಹರಿಯದ ಒಂಟಿ ತಂತಿ ತಂದು ಎರಡನೇ ಚಾನೆಲ್‌ಗೆ ಕೊಟ್ಟರೆ ಆ ಒಂದು ವೋಲ್ಟ್ ಕಳೆದುಹೋಗುತ್ತದೆ. ಆದರೆ ಒಂದೇ ಸೆನ್ಸರಿಗೆ ಎರಡು ಚಾನೆಲ್ ಹೋಗುತ್ತವೆ. ಅದೇ ಗ್ರೌಂಡಿಗೆ ಇನ್ನೊಂದು ವಾಲ್ವ್ ಸೇರಿಸಿದ ದಿನ 2.1ಕ್ಕೆ ಎರಡು ವೋಲ್ಟ್ ಕೂಡಿ 3.6ರ ಮಿತಿ ದಾಟುತ್ತದೆ.

ಎಡಿಎಸ್ ಬೋರ್ಡನ್ನೇ ಹೊಲಕ್ಕೆ ಒಯ್ದು ಐ2ಸಿ ತಂತಿಗಳನ್ನು 60 ಮೀಟರ್ ಎಳೆಯುವ ಯೋಚನೆ ಬೇಡ, ಅದು ಒಂದೇ ಪೆಟ್ಟಿಗೆಯೊಳಗಿನ ಸಂಪರ್ಕಕ್ಕೆ ಮಾಡಿದ್ದು. ಮುಂದೆ ಇಡೀ ನಾಲ್ಕು ಎಕರೆಗೆ ಸೆನ್ಸರ್ ಹರಡುವಿರಾದರೆ ಆರ್‌ಎಸ್‌-485 ಎಂಬ, ದೂರದ ತಂತಿಗಾಗಿ ಮಾಡಿದ ಸಂಪರ್ಕದಲ್ಲಿ ಮಾತಾಡುವ ಸೆನ್ಸರ್‌ಗಳನ್ನು ತನ್ನಿ. ಅಳತೆ ಹೊಲದಲ್ಲೇ ಅಂಕಿಯಾಗಿ ಬರುತ್ತದೆ, ತಂತಿ 1200 ಮೀಟರ್‌ವರೆಗೆ ಹೋಗಬಹುದು, ಗ್ರೌಂಡ್ ಕೆಲವು ವೋಲ್ಟ್ ಏರಿದರೂ ಅದು ತಡೆದುಕೊಳ್ಳುತ್ತದೆ. ಬೆಲೆ ಹೆಚ್ಚು. ಸಿಡಿಲಿನಿಂದ ಅದಕ್ಕೂ ರಕ್ಷಣೆಯಿಲ್ಲ. ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲಿ ಶೆಡ್ ಕಡೆಯ ಕನೆಕ್ಟರ್ ಕಳಚಿಡುವುದೇ ನಿಮ್ಮ ಬಜೆಟ್ಟಿನಲ್ಲಿ ಸಿಗುವ ಗಟ್ಟಿ ರಕ್ಷಣೆ.

ಅಪ್ಪನ ಪ್ರಶ್ನೆಗೆ

ಈಗಿನ ಸ್ಥಿತಿಯಲ್ಲಿ ಬಿಡಬಾರದು. ಅವರ ಅನುಮಾನ ಸರಿಯಾಗಿದೆ. ಮೇಲಿನದೆಲ್ಲ ಮಾಡಿದ ಮೇಲೂ ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಆದರೆ ನಿಲ್ಲಿಸುವ ಪ್ರಿವೆಂಟರ್, ಬೋರಿನಲ್ಲಿ ನೀರಿಲ್ಲದಾಗ ನಿಲ್ಲಿಸುವ ಡ್ರೈ ರನ್ ರಕ್ಷಣೆ ಇವು ಸ್ಟಾರ್ಟರ್ ಪೆಟ್ಟಿಗೆಯಲ್ಲೇ, ಪೈಯ ಹಂಗಿಲ್ಲದೆ ಇರಬೇಕು. ಆ ಪೆಟ್ಟಿಗೆಯೊಳಗಿನ ಕೆಲಸ ನೀವು ಮಾಡಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿ.

ಪ್ರೋಗ್ರಾಂನಲ್ಲಿ ‘ಒಣ’, ‘ಹಸಿ’ ಎಂಬ ಎರಡರ ಜೊತೆ ‘ಕೆಟ್ಟಿದೆ’ ಎಂಬ ಮೂರನೇ ಉತ್ತರವನ್ನೂ ಸೇರಿಸಿ. ಒತ್ತಡದ ಟ್ರಾನ್ಸ್‌ಮಿಟರ್ ಎಂದೂ 4 ಮಿಲಿಆಂಪಿಯರ್‌ಗಿಂತ ಕೆಳಗಿಳಿಯಬಾರದು, 3.6ಕ್ಕಿಂತ ಕಡಿಮೆ ಬಂದರೆ, ಅಂದರೆ 150 ಓಮ್‌ನಲ್ಲಿ 0.54 ವೋಲ್ಟ್‌ಗಿಂತ ಕೆಳಗೆ ಇಳಿದರೆ, ತಂತಿ ಹರಿದಿದೆ, ಹೆಗ್ಗಣ ಕಡಿದಿದೆ ಅಥವಾ ಟ್ರಾನ್ಸ್‌ಮಿಟರೇ ಕೆಟ್ಟಿದೆ ಎಂದು ಅರ್ಥ. ತೇವಾಂಶದ ಸೆನ್ಸರ್ ನೀವು ಗಾಳಿಯಲ್ಲೂ ಲೋಟದ ನೀರಿನಲ್ಲೂ ಕಂಡ ಎರಡು ಅಂಕಿಗಳ ಆಚೆಗೆ ಹೋದರೂ ಹಾಗೆಯೇ. ‘ಕೆಟ್ಟಿದೆ’ ಎಂದಾಗ ಮೊದಲು ಮೋಟರ್ ನಿಲ್ಲಿಸಿ, ಬಳಿಕ ವಾಲ್ವ್ ಮುಚ್ಚಿ, ಮೊಬೈಲಿಗೆ ಸಂದೇಶ ಹೋಗಲಿ. ಪ್ರತಿ ವಾಲ್ವಿಗೂ ಒಂದು ದಿನದ ಗರಿಷ್ಠ ಸಮಯ ನಿಗದಿ ಮಾಡಿ, ಸೆನ್ಸರ್ ಏನೇ ಹೇಳಲಿ ಅದಕ್ಕಿಂತ ಹೆಚ್ಚು ತೆರೆದಿರಬಾರದು.

ಈ ಹಂಗಾಮಿನಲ್ಲಿ ಪೈ ಸಲಹೆ ಮಾತ್ರ ಕೊಡಲಿ, ವಾಲ್ವನ್ನು ಅಪ್ಪನೇ ತಿರುಗಿಸಲಿ. ಅವರು ಗುದ್ದಲಿಯಿಂದ ಬೇರಿನ ಮಟ್ಟದ ಮಣ್ಣು ತೆಗೆದು ಅಂಗೈಯಲ್ಲಿ ಹಿಚುಕಿ ನೋಡುವಾಗ ಅವರ ಮಾತನ್ನೂ ಸೆನ್ಸರಿನ ಅಂಕಿಯನ್ನೂ ಒಂದೇ ಪುಟದಲ್ಲಿ ಬರೆದಿಡಿ. ಎರಡೂ ಹೊಂದದ ದಿನಗಳ ಪುಟಗಳನ್ನು, ಆ ಹೊತ್ತಿನ ಮೋಟರ್, ವಾಲ್ವ್ ಸ್ಥಿತಿಯ ಸಮೇತ, ನನಗೆ ಕಳುಹಿಸಿ.